ಗುರುವಾರದ ಇಡ್ಲಿ

ಔರಂಗಾಬಾದಿನ ಈ ಹಾಸ್ಟೆಲಿನ ಮೆಸ್ಸಿನಿಂದ ಇವತ್ತು ಬೆಳಿಗ್ಗೆ ಇಡ್ಲಿ ಬೇಯುವ ವಾಸನೆ ಬಂತು. ಹಿಟ್ಟು ಸರಿಯಾಗಿ ಹುದುಗು ಬಂದಿರಲಿಲ್ಲ. ಹೋಟೆಲಿನವರ ಮಗಳಿಗೆ ಅಷ್ಟು ಮೂಗಿನಲ್ಲೇ ತಿಳಿಯುತ್ತದೆ. ದಿನಚರಿಯಲ್ಲಿ ತಾರೀಖಿನ ಮುಂದೆ ಗುರುವಾರ ಎಂದು ಬರೆಯುವಾಗ ಮೇಷ್ಟ್ರು ನೆನಪಾದರು.

ನಾಸಿಕದ ನಮ್ಮ ಹೋಟೆಲಿಗೆ ಅವರು ದಿನಾ ಬರುತ್ತಿದ್ದಾಗ ನಾನಿನ್ನೂ ಶಾಲೆಯ ಹುಡುಗಿ. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ನಮ್ಮ ಅಪ್ಪಯ್ಯ ಉಡುಪಿಯ ಕಡೆಯವರು. ಇಬ್ಬರ ಕನ್ನಡವೂ ಹೊಂದದಿದ್ದಾಗ ಮರಾಠಿಯಲ್ಲಿ ರಾಜಿಯಾಗುತ್ತಿತ್ತು. ರಜೆಯ ದಿನ ಓಝರಿನ ವಿಮಾನ ಕಾರ್ಖಾನೆಯ ಎಂಜಿನಿಯರುಗಳು ಬಂದರೆ ಮೇಷ್ಟ್ರ ಮೇಜಿಗೇ ಸೇರುತ್ತಿದ್ದರು. ಅಕ್ಕಿಯ ಬೆಲೆ ಏರುವುದೇಕೆ ಎಂದು ಮೇಷ್ಟ್ರು ವಿವರಿಸಿ ಮುಗಿಸುವಷ್ಟರಲ್ಲಿ ಎಲ್ಲರ ಸಾಂಬಾರೂ ತಣ್ಣಗಾಗಿರುತ್ತಿತ್ತು.

ಮುಂದೆ ಅವರು ಚುನಾವಣೆಗೆ ನಿಂತು ಗೆದ್ದು ಮಂತ್ರಿಯಾದರು. ಆ ವರ್ಷ ಅಕ್ಕಿಯ ಅಭಾವ. ಸೋಮವಾರ, ಗುರುವಾರ ಹೋಟೆಲುಗಳಲ್ಲಿ ಅಕ್ಕಿಯ ತಿಂಡಿ ಮಾಡಬಾರದೆಂದು ಅವರೇ ಆಜ್ಞೆ ಹೊರಡಿಸಿದರು. ಅಪ್ಪಯ್ಯ ಗೊಣಗುತ್ತಲೇ ಉಪ್ಪಿಟ್ಟಿಗೆ ಇಳಿದರು.

ಹೀಗಿರುವಾಗ, ಒಂದು ಗುರುವಾರ ತ್ರ್ಯಂಬಕೇಶ್ವರದಿಂದ ಹಿಂದಿರುಗುವ ಮಂತ್ರಿಗಳು ನಮ್ಮಲ್ಲಿ ಇಳಿಯುತ್ತಾರೆಂದು ಸುದ್ದಿ ಬಂತು. ಅಪ್ಪಯ್ಯನಿಗೆ ವಾರ ಯಾವುದೆಂಬುದೇ ಮರೆತುಹೋಯಿತು. ಮೇಷ್ಟ್ರು ಬಂದರೆ ಇಡ್ಲಿ ಕೊಡಬೇಕು, ಅಷ್ಟೇ ಅವರಿಗೆ ಗೊತ್ತು. ಬಿಸಿ ಇಡ್ಲಿಯ ತಟ್ಟೆ ಮುಂದಿಟ್ಟ ಮೇಲೆ ನೋಡುತ್ತಾರೆ, ಮಂತ್ರಿಗಳ ಬೆನ್ನ ಹಿಂದೆ ಹೋಟೆಲುಗಳ ತಪಾಸಣೆಯ ಅಧಿಕಾರಿ ನಿಂತಿದ್ದಾನೆ. ಲೈಸೆನ್ಸು ಹೋಯಿತೆಂದೇ ನಾವೆಲ್ಲ ತಿಳಿದೆವು. ಮೇಷ್ಟ್ರು ಇಡ್ಲಿಯನ್ನು ನೋಡಿದರು, ಅಪ್ಪಯ್ಯನನ್ನು ನೋಡಿದರು, ಒಂದು ತುಂಡು ಮುರಿದು ಬಾಯಿಗಿಟ್ಟರು. ಆಮೇಲೆ ಹಿಂದಕ್ಕೆ ತಿರುಗದೆಯೇ, ಬರೆದುಕೊಳ್ಳುವುದಿದ್ದರೆ ತಿಂದವನ ಹೆಸರು ಮೊದಲು ಬರೆದುಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿದರು. ಅಧಿಕಾರಿ ಗೋಡೆಯ ಮೇಲಿನ ದೇವರ ಪಟ ನೋಡತೊಡಗಿದ.

ಈ ಕತೆಯನ್ನು ಅಪ್ಪಯ್ಯ ಎಷ್ಟು ಜನರಿಗೆ ಹೇಳಿದರೋ, ನೀವೇ ಊಹಿಸಿಕೊಳ್ಳಿ.

ಮಂತ್ರಿಪದವಿ ಹೋದ ಮೇಲೆ ಮೇಷ್ಟ್ರು ಔರಂಗಾಬಾದಿನಲ್ಲಿ ಕುಲಪತಿಯಾದರು. ನಾನು ಬಿ.ಎ. ಮುಗಿಸಿದ್ದೆ, ಅಲ್ಲಿ ಅರ್ಥಶಾಸ್ತ್ರದಲ್ಲಿ ಎಂ.ಎ. ಓದುವ ಆಸೆ. ಅರ್ಜಿಯ ಕೊನೆಯ ದಿನವನ್ನು ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆ. ಆದರೆ ಕೆಂಪು ಶಾಯಿ ಅರ್ಜಿಗೆ ಅಪ್ಪಯ್ಯನ ಸಹಿ ಹಾಕುವುದಿಲ್ಲವಲ್ಲ. ಕುಂದಾಪುರದ ಗಂಡಿನ ಕಡೆಯವರು ನೋಡಿ ಹೋಗಲಿ ಎಂದು ಅಪ್ಪಯ್ಯ ತಡೆದರು. ಅವರು ನೋಡಿ ಒಪ್ಪಿ ಹೋಗುವಷ್ಟರಲ್ಲಿ ಆ ದಿನ ದಾಟಿತ್ತು. ಈ ವರ್ಷ ಸೀಟಿಲ್ಲದಿದ್ದರೆ ಮದುವೆ ಎಂದಾಯಿತು. ನಾನು ಅತ್ತುಬಿಟ್ಟೆ.

"ಅಳುದೆಂತಕ್ಕೆ? ಮೇಷ್ಟ್ರಿದ್ದಾರಲ್ಲ," ಎಂದು ಅಪ್ಪಯ್ಯ ಡಬ್ಬಿ ತುಂಬ ಇಡ್ಲಿ ಹಾಕಿಸಿಕೊಂಡು ನನ್ನನ್ನೂ ಕರೆದುಕೊಂಡು ಔರಂಗಾಬಾದಿನ ಬಸ್ಸು ಹತ್ತಿದರು.

ಕುಲಪತಿಗಳು ಡಬ್ಬಿ ಮುಟ್ಟಲಿಲ್ಲ. ಎಲ್ಲ ಕೇಳಿ, "ಆಗೂದಿಲ್ರಿ ಭಟ್ರ," ಎಂದರು.

"ಒಂದು ಮಾತು ಹೇಳಿದ್ರೆ ಆಯ್ತಲ್ಲ ಮೇಷ್ಟ್ರೇ. ಅವತ್ತು ಹೇಳಿದ್ರಲ್ಲ."

"ಅವತ್ತು ಹೇಳಿದ್ದಕ್ಕ ಇವತ್ತ ನೀವು ಬಂದೀರಿ. ನಾ ಆ ಇಡ್ಲಿ ತಿಂದ ಮ್ಯಾಲೆ ನಾಸಿಕದಾಗ ಆ ಆರ್ಡರ್‌ಗೆ ಒಬ್ಬರರೆ ಕಿಮ್ಮತ್ತು ಕೊಟ್ರೇನು?"

ಅಪ್ಪಯ್ಯ ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡರು. ಮೇಷ್ಟ್ರು ನನ್ನತ್ತ ತಿರುಗಿ, ಒಂದು ವರ್ಷ ಕಾದರೇನು ಎಂದು ಕೇಳಿದರು. ಮದುವೆಯ ಮಾತು ಹೇಳಿದೆ. ಅವರು ಕುರ್ಚಿ ಬಿಟ್ಟು ಬಂದು ಅಪ್ಪಯ್ಯನ ಪಕ್ಕದ ಬೆಂಚಿನಲ್ಲಿ ಕೂತರು.

"ಸೀಟು ನಂದಲ್ರಿ, ಕೊಡಾಕ ಬರೂದಿಲ್ಲ. ಮಗಳು ನಿಮ್ಮಾಕಿ. ಒಂದು ವರ್ಷ ತಡೀರಿ. ಇದು ಕುಲಪತಿ ಹೇಳೂದಲ್ಲ ಭಟ್ರ, ನಿಮ್ಮ ಮನ್ಯಾಗ ಉಂಡಾವ ಬೇಡ್ಕೊಳ್ಳೂದು."

ಹಿಂದಿರುಗುವ ದಾರಿಯಲ್ಲಿ ಯೇವಲೆಯಲ್ಲಿ ಚಹಾಕ್ಕೆ ಇಳಿದಾಗ, ಅಪ್ಪಯ್ಯ ಗ್ಲಾಸು ಕೈಯಲ್ಲಿ ಹಿಡಿದು, "ಕುಂದಾಪುರದವ್ರಿಗೆ ಹೇಂಗೆ ಹೇಳುದು, ನೀನೇ ಹೇಳು," ಎಂದರು.

ಆ ವರ್ಷ ಪೂರ್ತಿ ನನಗೆ ಮೇಷ್ಟ್ರ ಮೇಲೆ ಸಿಟ್ಟಿತ್ತು. ಗೆಳತಿಯರೆಲ್ಲ ಮುಂದೆ ಹೋಗಿಬಿಟ್ಟಿದ್ದರು. ಮರುವರ್ಷ ಎಲ್ಲರಂತೆ ಸಾಲಿನಲ್ಲಿ ನಿಂತು ಅರ್ಜಿ ಕೊಟ್ಟು ಸೇರಿದೆ. ಅಷ್ಟರಲ್ಲಿ ಅವರು ಹುದ್ದೆ ಬಿಟ್ಟು ಪುಣೆಗೆ ಹೋಗಿದ್ದರು. ನಾನು ಸೇರಿದ್ದು ಅವರಿಗೆ ತಿಳಿದಿರಲಾರದು. ಇಷ್ಟು ಬರೆದ ಮೇಲೆ ಈಗ ಅನಿಸುತ್ತಿದೆ, ಈ ರಜೆಯಲ್ಲಿ ಪುಣೆಗೆ ಹೋಗಿ ಹೇಳಿ ಬರಬೇಕು. ಬರಿಗೈಯಲ್ಲೇ ಹೋಗುತ್ತೇನೆ.