ಓಡುವವನಿಗೆ ನಿಲ್ಲುವ ಬಸ್ಸು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ. ಕೂತು ಕೂತು ನನಗೆ ಹೊಟ್ಟೆ ಬಂದಿತ್ತು. ಡಾಕ್ಟರು ಓಡಿ ಅಂದರು. ನಾಚಿಕೆಯಿಂದ ಒಂದು ತಿಂಗಳು ಜಗಲಿಯಲ್ಲೇ, ಗೋಡೆ ಗಡಿಯಾರ ನೋಡುತ್ತ, ನಿಂತಲ್ಲೇ ಓಡಿದೆ. "ಮನೆ ಅದುರಿ ಪಾತ್ರೆ ಬೀಳ್ತವೆ, ರಸ್ತೆಗೆ ಹೋಗಿ," ಅಂದಳು ಹೆಂಡತಿ.

ಮರುದಿನ ಬೆಳಿಗ್ಗೆ ಚಡ್ಡಿ ಬನಿಯನ್ನಿನಲ್ಲಿ ರಸ್ತೆಗಿಳಿದೆ. ನೂರು ಹೆಜ್ಜೆ ಓಡಿರಲಿಲ್ಲ, ನನ್ನನ್ನು ದಾಟಿದ ಅಮ್ಮತ್ತಿ ಬಸ್ಸು ಗಕ್ಕನೆ ನಿಂತಿತು. "ನಿಧಾನ ಬನ್ನಿ ರೈಟ್ರೇ, ಬಿಟ್ಟು ಹೋಗಲ್ಲ," ಎಂದು ಕಂಡಕ್ಟರ್ ಕೂಗಿದ. ಒಳಗಿದ್ದವರೆಲ್ಲ ಕಿಟಕಿಯಿಂದ ಕತ್ತು ಹೊರಹಾಕಿ ಕಾಯುತ್ತಿದ್ದರು. ಹೊಟ್ಟೆ ಕರಗಿಸಲು ಓಡುತ್ತಿದ್ದೇನೆ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಹತ್ತಿದೆ. ಜೇಬಿಲ್ಲದ ಚಡ್ಡಿ ನೋಡಿ ಅವನು ಟಿಕೆಟ್ಟೂ ಕೇಳಲಿಲ್ಲ. ಬನಿಯನ್ನಿನಲ್ಲೇ ಅಮ್ಮತ್ತಿ ಪೇಟೆಯಲ್ಲಿ ಇಳಿದೆ.

ಎರಡನೇ ದಿನವೂ ಅದೇ. ಮೂರನೇ ದಿನ ಜಾಣತನ ಮಾಡಿ, ಬಸ್ಸು ಎದುರಿಗೆ ಬರುವ ಹಾಗೆ ಮನೆ ಕಡೆ ತಿರುಗಿ ಓಡಿದೆ. ಬಸ್ಸು ನಿಂತಿತು. "ಮನೇಲಿ ಏನೋ ಮರೆತು ಬಂದ್ರಾ? ತಂದುಬಿಡಿ, ಕಾಯ್ತೀವಿ," ಅಂದ ಕಂಡಕ್ಟರ್. ಏನು ತರಲಿ? ಕೊಡೆ ತಂದು ಹತ್ತಿದೆ.

ಹಾಳಾಗಿ ಹೋಗಲಿ ಎಂದು ನಾಲ್ಕನೇ ದಿನ ಮನೆಯಲ್ಲೇ ಕೂತೆ. ಗೇಟಿನ ಹತ್ತಿರ ಹಾರನ್ ಶುರುವಾಯಿತು. "ರೈಟ್ರಿಗೆ ಹುಷಾರಿಲ್ವಾ?" ಎಂದು ಇಡೀ ಬಸ್ಸು ವಿಚಾರಿಸುತ್ತಿತ್ತು. ಕೊಡೆ ಹಿಡಿದು ಜಗಲಿಯಿಂದ ಗೇಟಿನವರೆಗೆ ಓಡಿದೆ.

ಆಮೇಲೆ ಒಂದು ವರ್ಷ ನಾನು ದಿನಾ ಓಡಿದ್ದು ಅಷ್ಟೇ ದೂರ.