ಕಾಶ್ಯಪ ಗೋತ್ರದ ನಾವಿಕರು

ಅವರ ಬಲಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಡಗಿನ ಕಬ್ಬಿಣದ ಮುಚ್ಚಳವೊಂದು ಬಿದ್ದು ಹೋದದ್ದಂತೆ. ಉಗುರಿದ್ದ ಜಾಗದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಅವರು ಕಾಫಿ ಲೋಟ ಹಿಡಿದಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅದು ಗೊತ್ತಾಗಿ, "ಚೆನ್ನಾಗಿ ನೋಡ್ಕೋ, ಟಿಕೆಟ್ ಏನಿಲ್ಲ" ಎನ್ನುತ್ತಿದ್ದರು.

ವುಡ್‌ಬ್ರಿಡ್ಜ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮೈಸೂರಿನ ಕಡೆಯವರು. ನ್ಯೂಜೆರ್ಸಿಯ ಬಂದರುಗಳಲ್ಲಿ ಹಡಗುಗಳ ತಳ ಪರೀಕ್ಷೆ ಮಾಡುವ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಸುತ್ತಲಿನ ಎಲ್ಲರಿಗೂ ಅಂಕಲ್, ನನಗೂ ಅಂಕಲ್.

ಅವರಿಗೆ ಒಂದು ಹುಚ್ಚಿತ್ತು. ಅಮೆರಿಕದವರು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಮೇಲೆ ಮಾಡಿದ ಯುದ್ಧದಲ್ಲಿ ಸಮುದ್ರದ ಮೇಲೆ ಏನೇನಾಯಿತು ಎನ್ನುವುದನ್ನು ಓದುವುದು. ಲೈಬ್ರರಿಯಿಂದ ತಂದ ಪುಸ್ತಕಗಳು ಊಟದ ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿದ್ದವು. ಆಂಟಿ ಉಳಿದರ್ಧದಲ್ಲಿ ಹುರುಳಿಕಾಯಿ ಸೋಸುತ್ತ ಗೊಣಗುತ್ತಿದ್ದರು. ಆದರೆ ಯಾರಾದರೂ ತೋಪು, ಬಾವುಟ ಎಂದರೆ ಅಂಕಲ್ ಮುಖ ಗಂಟಾಗುತ್ತಿತ್ತು. "ನೌಕಾಯುದ್ಧ ಅಂದ್ರೆ ಎಲ್ಲರೂ ತೋಪಿನ ಕಥೆ ಕೇಳ್ತಾರೆ. ಅರ್ಧ ಯುದ್ಧ ಬ್ರೂಕ್ಲಿನ್‌ನಲ್ಲಿ ಲಂಗರು ಹಾಕ್ಕೊಂಡು ಸುಮ್ನೆ ನಿಂತಿತ್ತು" ಎನ್ನುತ್ತಿದ್ದರು.

ಅವರು ಹೇಳುತ್ತಿದ್ದದ್ದು ಸೆರೆಹಡಗುಗಳ ವಿಷಯ. ಹಳತಾದ ಯುದ್ಧದ ಹಡಗುಗಳ ಪಟಸ್ತಂಭ ಕಿತ್ತು, ತೋಪು ಇಳಿಸಿ, ಬ್ರೂಕ್ಲಿನ್‌ನ ವಾಲಬೌಟ್ ಕೊಲ್ಲಿಯಲ್ಲಿ ನಿಲ್ಲಿಸಿ, ಸಮುದ್ರದಲ್ಲಿ ಸಿಕ್ಕಿಬಿದ್ದ ಅಮೆರಿಕದ ನಾವಿಕರನ್ನು ಬ್ರಿಟಿಷರು ಅದರೊಳಗೆ ತುಂಬಿದರು. ನಮ್ಮ ನೌಕಾಪಡೆಗೆ ಸೇರಿಕೋ, ಬಿಡುತ್ತೇವೆ ಎಂದರು. ಹೆಚ್ಚಿನವರು ಸೇರಲಿಲ್ಲ. ಜ್ವರ, ಸಿಡುಬು, ಹಸಿವು. ದಿನಾ ಬೆಳಿಗ್ಗೆ ಸತ್ತವರನ್ನು ಮೇಲೆ ತಂದು ದಡದ ಮರಳಲ್ಲಿ ಹೂಳುವುದು. ಆ ಯುದ್ಧದ ರಣರಂಗಗಳಲ್ಲಿ ಸತ್ತವರಿಗಿಂತ ಹೆಚ್ಚು ಜನ ಅಲ್ಲಿ ಸತ್ತರು ಎಂದು ಅಂಕಲ್ ಹೇಳುವಾಗ ದನಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

ನನಗೆ ಆ ದನಿ ಹಿತವಾಗಿತ್ತು. ಆಗ ನನ್ನ ಒಳಗೂ ಹಾಗೇ ಇತ್ತು. ನನ್ನ ತಮ್ಮ ಪ್ರಸನ್ನ ಸರಕು ಹಡಗಿನಲ್ಲಿ ಮರೀನ್ ಎಂಜಿನಿಯರ್. ಒಂದು ಬೆಳಿಗ್ಗೆ ಡ್ಯೂಟಿಗೆ ಬರಲಿಲ್ಲ. ಹಡಗೆಲ್ಲ ಹುಡುಕಿದರು, ಹಿಂದಕ್ಕೆ ತಿರುಗಿಸಿ ನೀರಿನಲ್ಲೂ ಹುಡುಕಿದರು. ಕಂಪನಿಯವರ ಪತ್ರದಲ್ಲಿ 'ಕಾಣೆಯಾಗಿದ್ದಾರೆ' ಎಂದಿತ್ತು. ನಾನು ಆ ಪದವನ್ನೇ ಕಚ್ಚಿ ಹಿಡಿದೆ. ಸತ್ತಿದ್ದಾನೆ ಎಂದು ಯಾರೂ ಹೇಳಿಲ್ಲವಲ್ಲ. ಪ್ರತಿ ತಿಂಗಳು ನ್ಯೂಯಾರ್ಕಿನ ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋಗಿ ಅವನ ಹೆಸರು, ನಕ್ಷತ್ರ, ಭಾರದ್ವಾಜ ಗೋತ್ರ ಹೇಳಿ ಅರ್ಚನೆ ಮಾಡಿಸುತ್ತಿದ್ದೆ, ಕ್ಯಾಂಟೀನಿನಲ್ಲಿ ದೋಸೆ ತಿಂದು ಬರುತ್ತಿದ್ದೆ. ದೋಸೆಯ ರುಚಿ ಗೊತ್ತಾಗುತ್ತಿರಲಿಲ್ಲ. ಅಳು ಬರುತ್ತಿರಲಿಲ್ಲ. ಮೈಸೂರಿನಲ್ಲಿದ್ದ ಅಮ್ಮನಿಗೆ ಪ್ರಸಾದದ ಫೋಟೋ ಕಳಿಸಿದರೆ "ಆಯ್ತು" ಎಂದು ಉತ್ತರ ಬರುತ್ತಿತ್ತು. ಅವನ ವಿಷಯ ನಾವಿಬ್ಬರೂ ಅಷ್ಟೇ ಮಾತಾಡುತ್ತಿದ್ದದ್ದು.

ಮಹಾಲಯ ಅಮಾವಾಸ್ಯೆಯ ದಿನ ಅಂಕಲ್ ಬ್ರೂಕ್ಲಿನ್‌ಗೆ ಹೋಗುತ್ತಿದ್ದರು. ತಮ್ಮ ತಂದೆ ತಾತಂದಿರಿಗೆ ಮನೆಯಲ್ಲೇ ತರ್ಪಣ ಮುಗಿಸಿ, ಓಕ್ ಟ್ರೀ ರಸ್ತೆಯಲ್ಲಿ ಕೊಂಡ ಕರಿ ಎಳ್ಳು, ಒಂದು ತಂಬಿಗೆ, ಸೂಟ್‌ಕೇಸಿನಲ್ಲಿ ಮೈಸೂರಿನಿಂದ ಬಂದ ದರ್ಭೆ ಹಿಡಿದು ಹೊರಡುವುದು. ಸೆರೆಹಡಗಿನಲ್ಲಿ ಸತ್ತವರಿಗೂ ತರ್ಪಣ ಕೊಡಬೇಕಲ್ಲ. ಗುಡಿಯ ಪುರೋಹಿತರೊಬ್ಬರು, ಅವರ ಗೋತ್ರ ಯಾವುದು ಅಂತ ಹೇಳ್ತೀರಿ ಎಂದು ನಕ್ಕಿದ್ದರಂತೆ. ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಅಂತ ನೀವೇ ತಾನೆ ಹೇಳೋದು ಎಂದು ಇವರು ಅವರ ಬಾಯಿ ಮುಚ್ಚಿಸಿ ಬಂದಿದ್ದರು.

ಕಣ್ಣಿಗೆ ಪೊರೆ ಬಂದ ವರ್ಷ ಡ್ರೈವ್ ಮಾಡುವುದಿರಲಿ, ಓದುವುದೂ ಕಷ್ಟವಾಗಿ ನನ್ನನ್ನು ಕೇಳಿದರು. ಆಫೀಸಿಗೆ ರಜೆ ಹಾಕಿ ಕರೆದುಕೊಂಡು ಹೋದೆ. ಹಳೆಯ ಕೊಲ್ಲಿಯ ಬಹುಪಾಲು ಈಗ ಹಡಗುಕಟ್ಟೆಯ ಬೇಲಿಯೊಳಗಿದೆ. ಸ್ವಲ್ಪ ದೂರದ ಪಾರ್ಕಿನಲ್ಲಿ ನೀರಿಗೆ ಇಳಿಯುವ ಕಲ್ಲುಗಳಿದ್ದವು. ಅಲ್ಲಿ ಪ್ಯಾಂಟು ಮಡಚಿ, ಜಾಕೆಟ್ಟಿನ ಮೇಲೆ ಶಲ್ಯ ಹೊದ್ದು ನಿಂತರು. ನನ್ನ ಕೈಗೊಂದು ನೋಟ್‌ಬುಕ್ ಕೊಟ್ಟರು. ಉಳಿದಿರುವ ಪಟ್ಟಿಗಳಿಂದ ಸತ್ತವರ ಹೆಸರು ಇಳಿಸಿಕೊಂಡಿದ್ದರು, ಎಲ್ಲ ಕನ್ನಡದಲ್ಲಿ. ಯಾಕೆ ಎಂದು ಕೇಳಿದೆ. "ಇಂಗ್ಲಿಷ್‌ನಲ್ಲಿದ್ರೆ ಕಣ್ಣು ಓಡಿಬಿಡುತ್ತಮ್ಮ. ಕನ್ನಡದಲ್ಲಿ ಬರಿಯೋವಾಗ ಒಬ್ಬೊಬ್ಬನ ಹತ್ರ ಒಂದ್ನಿಮಿಷ ಕೂತ್ಕೋಬೇಕಾಗುತ್ತೆ."

ನಾನು ಓದುವುದು, ಅವರು ನೀರು ಬಿಡುವುದು. ಕಾಶ್ಯಪ ಗೋತ್ರದ ಜಾನ್. ಕಾಶ್ಯಪ ಗೋತ್ರದ ಸ್ಯಾಮ್ಯುಯಲ್. ಉಗುರಿಲ್ಲದ ಆ ಹೆಬ್ಬೆರಳಿನ ಪಕ್ಕದಿಂದ ಎಳ್ಳು ಜಾರಿ ಈಸ್ಟ್ ರಿವರ್‌ಗೆ ಬೀಳುತ್ತಿತ್ತು. ಓಡುವವರು ಓಡುತ್ತಿದ್ದರು, ನಾಯಿಗಳು ಮೂಸಿ ಹೋಗುತ್ತಿದ್ದವು. ಒಮ್ಮೆ ಪೊಲೀಸಿನವನು ಬಂದು ವಿಚಾರಿಸಿದ. ಅಂಕಲ್ ಶಾಂತವಾಗಿ, ನಿಮ್ಮ ನೇವಿಯವರಿಗೆ ನೀರು ಕೊಡುತ್ತಿದ್ದೇನೆ ಎಂದರು. ಅವನು ಟೋಪಿ ತೆಗೆದು ಮುಗಿಯುವ ತನಕ ನಿಂತಿದ್ದು ಹೋದ.

ಹೀಗೆ ಮೂರು ವರ್ಷ ಹೋದೆವು. ನಾಲ್ಕನೆಯ ವರ್ಷವೂ ನಾನು ಎಂದಿನಂತೆ ರಾಗವಿಲ್ಲದೆ ಓದುತ್ತಿದ್ದೆ. ಕಾಶ್ಯಪ ಗೋತ್ರದ ವಿಲಿಯಂ. ಕಾಶ್ಯಪ ಗೋತ್ರದ ಥಾಮಸ್. ಭಾರದ್ವಾಜ ಗೋತ್ರದ ಪ್ರಸನ್ನ.

ನನ್ನ ಬಾಯಿಂದಲೇ ಬಂದಿತ್ತು. ಅವರದೇ ಗುಂಡು ಅಕ್ಷರ, ನೀಲಿ ಶಾಯಿ, ಎರಡು ಸಾಲಿನ ನಡುವೆ ಹೊಸದಾಗಿ ಸೇರಿಸಿದ್ದು. ನಾನು ತಲೆಯೆತ್ತುವಷ್ಟರಲ್ಲಿ ಅವರ ಕೈಯಿಂದ ನೀರು ಬಿದ್ದಾಗಿತ್ತು. ಒಮ್ಮೆ ನನ್ನ ಜೊತೆ ಫ್ಲಶಿಂಗ್‌ಗೆ ಬಂದಿದ್ದಾಗ ಅರ್ಚನೆಯ ಸಾಲಿನಲ್ಲಿ ಗೋತ್ರ ಕೇಳಿಸಿಕೊಂಡಿರಬೇಕು.

"ಬದುಕಿರೋನಿಗೆ ಎಳ್ಳುನೀರು ಬಿಡ್ತಾರಾ ಅಂಕಲ್?" ಎಂದೆ. ಬದುಕಿರುವವರಿಗೆ ಹಾಗೆ ಮಾಡುವುದು ಎಂಥ ಅಶುಭ ಎನ್ನುವುದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

"ತಪ್ಪಾಗಿದ್ರೆ ಪಾಪ ನನಗಿರಲಿ. ಅವನು ಬಂದು ನನ್ನನ್ನ ಬಾಯಿಗೆ ಬಂದ ಹಾಗೆ ಬೈಲಿ" ಎಂದರು. ತಂಬಿಗೆ ಕೆಳಗಿಟ್ಟು, "ಈ ಹುಡುಗರ ಅಕ್ಕ ತಂಗೀರೂ ಬಾಗಿಲು ನೋಡ್ತಾನೇ ಮುದುಕಿಯರಾಗಿ ಹೋದ್ರಮ್ಮ. ನೀನು ಹಾಗಾಗ್ಬೇಡ" ಎಂದರು.

ನಾನು ನೋಟ್‌ಬುಕ್ಕನ್ನು ಕಲ್ಲಿನ ಮೇಲಿಟ್ಟು ಕಾರಿಗೆ ಬಂದು ಕೂತೆ. ಉಳಿದ ಹೆಸರುಗಳನ್ನು ಅವರು ಹೇಗೆ ಓದಿಕೊಂಡರೋ. ಅವರು ಬಂದ ಮೇಲೆ ಸ್ಟೇಟನ್ ಐಲೆಂಡ್ ದಾಟಿ ಮನೆ ತಲುಪಿದೆವು. ಆಮೇಲೆ ನಾನು ಅವರ ಜೊತೆ ಮಾತು ಬಿಟ್ಟೆ. ಆಂಟಿ ಕೊಟ್ಟು ಕಳಿಸಿದ ಹುಳಿಯನ್ನು ತಿಂದು ಪಾತ್ರೆಯನ್ನು ಅವರ ಬಾಗಿಲಲ್ಲಿಟ್ಟು ಬರುತ್ತಿದ್ದೆ, ಬೆಲ್ ಒತ್ತುತ್ತಿರಲಿಲ್ಲ. ಮುಂದಿನ ಮಹಾಲಯಕ್ಕೆ ಅವರ ಫೋನ್ ಬಂತು. ರಿಂಗ್ ಆಗುವುದನ್ನು ನೋಡುತ್ತ ಕೂತಿದ್ದೆ. ಅವರು ಟ್ರೇನಿನಲ್ಲಿ ಒಬ್ಬರೇ ಹೋಗಿ ಬಂದರೆಂದು ಆಂಟಿ ಆಮೇಲೆ ಹೇಳಿದರು. ನನ್ನ ಜೀವನದಲ್ಲಿ ನಾನು ಮಾಡಿದ ಸಣ್ಣತನಗಳಲ್ಲಿ ಇದು ದೊಡ್ಡದು.

ಆ ಚಳಿಗಾಲದಲ್ಲಿ, ಡ್ರೈವ್‌ವೇಯ ಹಿಮ ಎತ್ತಿ ಒಳಗೆ ಬಂದು ಕುರ್ಚಿಯಲ್ಲಿ ಕೂತ ಅಂಕಲ್ ಮತ್ತೆ ಏಳಲಿಲ್ಲ.

ಫ್ಯೂನರಲ್ ಹೋಮಿನಲ್ಲಿ ಹಣೆಗೆ ಗಂಧ ಹಚ್ಚಿ ಮಲಗಿಸಿದ್ದರು. ಜನ ಮೆಲ್ಲಗೆ ಟ್ರಾಫಿಕ್ ಬಗ್ಗೆ ಮಾತಾಡುತ್ತಿದ್ದರು. ನನಗೆ ಅಳು ಬರಲಿಲ್ಲ. ಹತ್ತಿರ ಹೋಗಿ ಅವರ ಮುಖವನ್ನು ಬಹಳ ಹೊತ್ತು ನೋಡಿದೆ. ಸತ್ತವರ ಮುಖ ಇಷ್ಟು ಸ್ಪಷ್ಟವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತಮ್ಮನದು ಇನ್ನೆಂದೂ ನೋಡಲು ಸಿಗುವುದಿಲ್ಲ ಎನ್ನುವುದು ಅಲ್ಲಿ ನಿಂತಿದ್ದಾಗ ಹೊಳೆಯಿತು. ಯೋಚನೆ ಮಾಡಿ ತಿಳಿದದ್ದಲ್ಲ, ಮೈಗೆ ಚಳಿ ಗೊತ್ತಾಗುವ ಹಾಗೆ ಗೊತ್ತಾಯಿತು.

ಪಾರ್ಕಿಂಗ್ ಲಾಟಿಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿಯಾಗಿತ್ತು, ಆದರೂ ತಕ್ಷಣ ಎತ್ತಿಕೊಂಡರು.

"ಅಮ್ಮ, ಪ್ರಸನ್ನ ಬರೋದಿಲ್ಲ" ಎಂದೆ.

ಅಮ್ಮ ಅಳಲಿಲ್ಲ. ಏನಾಯಿತು ಎಂದೂ ಕೇಳಲಿಲ್ಲ. ಎಷ್ಟೋ ದಿನದಿಂದ ತಡೆದಿದ್ದ ಉಸಿರನ್ನು ಬಿಟ್ಟ ಸದ್ದು ಕೇಳಿಸಿತು.

"ಹೂಂ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ" ಎಂದರು. "ಯಾವ ತಿಥಿ ಹಿಡಿಯೋಣ?"