ಕಟ್ಟೆಗೆ ಬಡಿದ ದೋಣಿ

ಹರಿದ ಹಾಯಿ ಹೊಲಿದು ಬದುಕುವ ಅವಳನ್ನು ಬಂದರಿನ ನಾವೆಲ್ಲ ಸೂಜಿಯಕ್ಕ ಅನ್ನುತ್ತಿದ್ದೆವು. ಅಡುಗೆ, ಹಾಸಿಗೆ, ಸಂಸಾರವೆಲ್ಲ ಒಂದು ಹಳೆಯ ಹಾಯಿದೋಣಿಯಲ್ಲೇ. ಕುಡಿಯುವ ನೀರು ನಾನು ತುಂಬಿಸಿಕೊಡುತ್ತಿದ್ದೆ. ಇಂಜಿನ್ ಕೆಟ್ಟರೆ ಪಕ್ಕದ ದೋಣಿಯ ಮೆಕ್ಯಾನಿಕ್ ಬೈಯುತ್ತಲೇ ರಿಪೇರಿ ಮಾಡುತ್ತಿದ್ದ.

ಆ ಮಧ್ಯಾಹ್ನ ಬಿರುಗಾಳಿ ಹುಚ್ಚುಗೂಳಿಯಂತೆ ನುಗ್ಗಿತು. ಅವಳ ದೋಣಿಯ ಹಗ್ಗ ಪಟ್ಟನೆ ಹರಿದು, ದೋಣಿ ಕಲ್ಲುಕಟ್ಟೆಗೆ ದಢಾರನೆ ಬಡಿಯತೊಡಗಿತು. ದೋಣಿಯಲ್ಲಿ ಬಾಳುವವರಿಗೆ ಒಂದು ಕೆಟ್ಟ ಚಾಳಿಯುಂಟು. ದೋಣಿ ಕಟ್ಟೆಯ ಹತ್ತಿರ ಬಂದರೆ ಕಾಲು ಚಾಚಿ ತಳ್ಳಿಬಿಡುತ್ತಾರೆ. ನೀರು ಶಾಂತವಾಗಿದ್ದಾಗ ಅದು ನಡೆದೀತು. ಬಿರುಗಾಳಿಯಲ್ಲಿ ದೋಣಿಗೂ ಕಟ್ಟೆಗೂ ನಡುವೆ ಕಾಲು ಸಿಕ್ಕರೆ ಎಲುಬು ಪುಡಿಪುಡಿ. ಅವಳೂ ಅಂಚಿನಲ್ಲಿ ಕೂತು ಕಾಲು ಚಾಚಿದಳು.

“ಅಕ್ಕಾ, ಕಾಲು ತೆಗಿ! ಹುಚ್ಚು ಹಿಡೀತಾ?” ಮೆಕ್ಯಾನಿಕ್ ಕೂಗಿದ.

“ಮನೆ ಒಡೀತಿದೆ ಕಣೋ! ನಿನ್ನ ಪುರಾಣ ಆಮೇಲೆ!”

ಅವಳು ಮಾತಿಗೆ ಬಗ್ಗುವವಳಲ್ಲ. ಅವನು ಹಾರಿಬಂದು ಜಡೆ ಹಿಡಿದು ಹಿಂದಕ್ಕೆಳೆದ. ಅವಳು ಅವನ ಮೂಗಿಗೆ ಗುದ್ದಿದಳು, ಕೈ ಕಚ್ಚಿದಳು. ರಕ್ತ ಸುರಿದರೂ ಅವನು ಬಿಡಲಿಲ್ಲ. ಮರುಕ್ಷಣವೇ ದೋಣಿ ಅಪ್ಪಳಿಸಿತು. ಅವಳ ಕಾಲಿದ್ದ ಜಾಗದಲ್ಲೇ ಪಕ್ಕೆಯ ಹಲಗೆ ಮಡಕೆಯಂತೆ ಚೂರಾಯಿತು. ಅಷ್ಟರಲ್ಲಿ ನಾನು ಹೊಸ ಹಗ್ಗ ಎಸೆದು ಬಿಗಿದೆ.

ಒಡೆದದ್ದು ನೀರಿಗಿಂತ ಮೇಲೆ, ಹಾಗಾಗಿ ದೋಣಿ ಮುಳುಗಲಿಲ್ಲ. ಗಾಳಿ ಇಳಿದ ಮೇಲೆ ಅವಳು ಆ ತೂತನ್ನು ನೋಡಿದಳು, ತನ್ನ ಪಾದವನ್ನು ನೋಡಿದಳು. ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿದಳು.

“ಮನೆ ಒಡೆಯೋಕೆ ಬಿಟ್ಟೆಯಲ್ಲೋ ಪಾಪಿ. ಹಲಗೆ ನೀನೇ ಹಾಕಿಕೊಡ್ಬೇಕು” ಅಂದಳು.

“ಹಾಕ್ತೀನಿ ಅಕ್ಕಾ. ನನ್ನ ಮೂಗು ಯಾರು ಹಾಕಿಕೊಡ್ತಾರೆ?”